ಹತ್ತು ಕೋಶಕ್ಕೊಂದು ಹೆಟೆರೊಸಿಸ್ಟ್: ಅನಬೀನಾ ಎಳೆ ಆಯ್ಕೆ ಮಾಡುವ ಬಗೆ

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಅನಬೀನಾ ಎಂಬ, ಎಳೆಯಾಗಿ ಬೆಳೆಯುವ ನೀಲಿ-ಹಸಿರು ಪಾಚಿಯ (ಸೈನೋಬ್ಯಾಕ್ಟೀರಿಯಾದ) ಪಿಸಿಸಿ 7120 ತಳಿಯನ್ನು ನೈಟ್ರೇಟ್ ಇರುವ ಬಿಜಿ-11 ಮಾಧ್ಯಮದಲ್ಲಿ ಬೆಳೆಸಿದ್ದೇವೆ. 50 ಮಿಲಿ ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡಿ, ನೈಟ್ರೇಟ್ ಇಲ್ಲದ ಮಾಧ್ಯಮದಲ್ಲಿ ಒಮ್ಮೆ ತೊಳೆದು, ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸಿ ಬೆರೆಸಿ 30 ಡಿಗ್ರಿಯಲ್ಲಿ ಇಟ್ಟೆವು. 24 ಗಂಟೆಗೆ ಹೆಟೆರೊಸಿಸ್ಟ್ (ಗಾಳಿಯ ಸಾರಜನಕ ಹಿಡಿಯುವ ವಿಶೇಷ ಕೋಶ) ಬರುತ್ತದೆ ಎಂದು ಓದಿದ್ದೆವು, ಒಂದೂ ಕಾಣಲಿಲ್ಲ. ಮೂರನೇ ದಿನ ನೋಡಿದಾಗ ಇದ್ದವು, ಆದರೆ ಹೆಚ್ಚಿನವು ಎಳೆಯ ತುದಿಯಲ್ಲಿ. ಎಲ್ಲಿ ತಪ್ಪಿತು? ಅಷ್ಟಕ್ಕೂ ಒಂದೇ ತರಹದ ಕೋಶಗಳ ಸಾಲಿನಲ್ಲಿ ಹತ್ತಕ್ಕೊಂದು ಮಾತ್ರ ಬೇರೆಯಾಗುವುದು ಹೇಗೆ? ಗದ್ದೆಗೆ ಯೂರಿಯಾ ಹಾಕಿದರೆ ಇವು ಹುಟ್ಟುವುದೇ ಇಲ್ಲವೇ?

ಉತ್ತರ: ತಳಿಯ ಮೇಲೆ ಅನುಮಾನ ಪಡುವ ಮೊದಲು ತೊಳೆದ ರೀತಿಯನ್ನು ನೋಡಿ. ತಡವಾದದ್ದಕ್ಕೆ ಉಳಿದುಹೋದ ನೈಟ್ರೇಟ್ ಕಾರಣ, ತುದಿಯಲ್ಲೇ ಬಂದದ್ದಕ್ಕೆ ವೋರ್ಟೆಕ್ಸ್ ಕಾರಣ ಎಂದು ನಿಮ್ಮ ವಿವರಣೆಯಿಂದಲೇ ಬಹುಮಟ್ಟಿಗೆ ಹೇಳಬಹುದು. ಎರಡೂ ಚಿಕ್ಕ ತಪ್ಪುಗಳು. ಆದರೆ ಅವು ಏಕೆ ಇಷ್ಟು ದೊಡ್ಡ ಪರಿಣಾಮ ಮಾಡಿದವು ಎಂಬುದು ನಿಮ್ಮ ಎರಡನೇ ಪ್ರಶ್ನೆಗೇ ಉತ್ತರ. ಹೆಟೆರೊಸಿಸ್ಟ್ ಆಗುವುದು ಕೋಶ ತಾನೊಂದೇ ಮಾಡುವ ತೀರ್ಮಾನವಲ್ಲ, ಇಡೀ ಎಳೆಯ ತೀರ್ಮಾನ. ಎಳೆ ತುಂಡಾದರೆ ತೀರ್ಮಾನವೂ ಬದಲಾಗುತ್ತದೆ.

ಮೊದಲು ಈ ಕೋಶದ ಅಗತ್ಯವೇನು ಎಂಬುದು. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜನೇಸ್ ಕಿಣ್ವಕ್ಕೂ ಆಮ್ಲಜನಕಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕಿಣ್ವದೊಳಗಿನ ಕಬ್ಬಿಣ-ಗಂಧಕದ ಗೊಂಚಲುಗಳು ಆಮ್ಲಜನಕ ತಾಗಿದ ನಿಮಿಷಗಳಲ್ಲಿ ಕೆಡುತ್ತವೆ, ಕೆಟ್ಟ ಮೇಲೆ ರಿಪೇರಿ ಇಲ್ಲ. ಸೈನೋಬ್ಯಾಕ್ಟೀರಿಯಾದ ತೊಂದರೆ ಏನೆಂದರೆ ಅದು ಹಗಲಿಡೀ ನೀರನ್ನು ಒಡೆದು ಆಮ್ಲಜನಕ ಬಿಡುವ ಜೀವಿ. ವೈರಿಯನ್ನು ತನ್ನ ಮನೆಯಲ್ಲೇ ತಯಾರಿಸುತ್ತದೆ. ಕೆಲವು ಏಕಕೋಶೀಯ ಜಾತಿಗಳು ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕ ಎಂದು ಪಾಳಿ ಹಾಕಿಕೊಂಡಿವೆ. ಅನಬೀನಾ, ನಾಸ್ಟಾಕ್ ಮುಂತಾದ ಎಳೆ ಜಾತಿಗಳು ಪಾಳಿಯ ಬದಲು ಜಾಗ ಹಂಚಿಕೊಂಡವು: ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬ ಎದ್ದು ಬಡಿಸಲು ನಿಂತ ಹಾಗೆ, ಸಾಲಿನ ಒಂದು ಕೋಶ ಆಮ್ಲಜನಕ ಮಾಡುವುದನ್ನು ಬಿಟ್ಟು ಎಲ್ಲರಿಗೂ ಸಾರಜನಕ ಕೊಡುತ್ತದೆ. ಆ ಕೋಶವೇ ಸಾರಜನಕ ಸ್ಥಿರೀಕರಣದ ಜಾಗ ಎಂದು ಫೇ, ಸ್ಟೀವರ್ಟ್, ವಾಲ್ಸ್‌ಬಿ ಮತ್ತು ಫಾಗ್ ವಾದ ಮಂಡಿಸಿದ್ದು 1968ರಲ್ಲಿ. ಅದಕ್ಕೂ ಮೊದಲು ಸಸ್ಯಶಾಸ್ತ್ರಜ್ಞರು ಇದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದರು, ಕೆಲಸ ಏನೆಂದು ಗೊತ್ತಿರಲಿಲ್ಲ ಅಷ್ಟೆ.

ನೈಟ್ರೇಟ್ ತೆಗೆದ ಕ್ಷಣದಿಂದ 30 ಡಿಗ್ರಿಯಲ್ಲಿ ಏನೇನಾಗುತ್ತದೆ ಎಂದು ಗಂಟೆ ಲೆಕ್ಕದಲ್ಲಿ ನೋಡೋಣ.

ಎಳೆಗೆ ಹಸಿವು ಗೊತ್ತಾಗುವುದು ಸಾರಜನಕ ಕಡಿಮೆಯಾಗಿದ್ದರಿಂದಲ್ಲ, ಇಂಗಾಲದ ಒಂದು ವಸ್ತು ಹೆಚ್ಚಾಗಿದ್ದರಿಂದ. ಅದು 2-ಆಕ್ಸೋಗ್ಲುಟರೇಟ್. ಅಮೋನಿಯಂ ಬಂದು ಕೂರುವ ಇಂಗಾಲದ ಚೌಕಟ್ಟು ಅದೇ. ಅಮೋನಿಯಂ ಬರದಿದ್ದರೆ ಚೌಕಟ್ಟುಗಳು ಖಾಲಿ ಉಳಿದು ರಾಶಿಯಾಗುತ್ತವೆ. ನಮ್ಮ ಕೋಶಗಳಲ್ಲಿ ಅದನ್ನು ಮುಂದಕ್ಕೆ ಸುಡುವ ಡಿಹೈಡ್ರೋಜಿನೇಸ್ ಕಿಣ್ವ ಇದೆ. ಸೈನೋಬ್ಯಾಕ್ಟೀರಿಯಾದಲ್ಲಿ ಆ ಮಾಮೂಲಿ ಕಿಣ್ವ ಇಲ್ಲ, ಹಾಗಾಗಿ ಈ ವಸ್ತು ಒಳ್ಳೆಯ ಹಸಿವಿನ ಸೂಚಕವಾಗಿ ಕೆಲಸ ಮಾಡುತ್ತದೆ. ಇದು ಎನ್‌ಟಿಸಿಎ ಎಂಬ ಪ್ರೋಟೀನಿಗೆ ಅಂಟಿದಾಗ ಅದು ಚುರುಕಾಗಿ, ಎನ್‌ಆರ್‌ಆರ್‌ಎ ಎಂಬ ಇನ್ನೊಂದರ ಮೂಲಕ ಹೆಟ್‌ಆರ್ ಜೀನನ್ನು ಎಬ್ಬಿಸುತ್ತದೆ. ಇಲ್ಲಿಂದಲೇ ನಿಮ್ಮ ಮೊದಲ ಪಾಠ ಬರುತ್ತದೆ: ಬೆಳಕು ಕಡಿಮೆಯಿದ್ದರೆ ಇಂಗಾಲದ ಚೌಕಟ್ಟುಗಳೇ ತಯಾರಾಗುವುದಿಲ್ಲ, ಸೂಚಕ ಏರುವುದಿಲ್ಲ, ಹೆಟೆರೊಸಿಸ್ಟ್ ತಡವಾಗುತ್ತದೆ. ಎಷ್ಟೋ ಸಲ ಮಾಧ್ಯಮ ಸರಿ ಇದ್ದೂ ಪ್ರಯೋಗ ಕೆಡುವುದು ಶೇಕರಿನ ಮೂಲೆಯ ಮಬ್ಬು ಬೆಳಕಿನಲ್ಲಿ.

ಹೆಟ್‌ಆರ್ ಈ ಕಥೆಯ ಯಜಮಾನ. ಬುಯಿಕೆಮ ಮತ್ತು ಹ್ಯಾಸೆಲ್‌ಕಾರ್ನ್ 1991ರಲ್ಲಿ ಗುರುತಿಸಿದ ಈ ಜೀನ್ ಕೆಟ್ಟ ತಳಿಯಲ್ಲಿ ಒಂದೂ ಹೆಟೆರೊಸಿಸ್ಟ್ ಬರುವುದಿಲ್ಲ. ಅದರ ಹೆಚ್ಚುವರಿ ಪ್ರತಿ ಕೊಟ್ಟರೆ ನೈಟ್ರೇಟ್ ಇದ್ದರೂ ಬರುತ್ತವೆ. ಹೆಟ್‌ಆರ್ ಪ್ರೋಟೀನ್ ಜೋಡಿಯಾಗಿ ಡಿಎನ್‌ಎ ಹಿಡಿದು, ಬೇರೆ ಜೀನ್‌ಗಳ ಜೊತೆಗೆ ತನ್ನದೇ ಜೀನನ್ನೂ ಜೋರಾಗಿ ಓಡಿಸುತ್ತದೆ. ಇದ್ದವನಿಗೇ ಇನ್ನಷ್ಟು ಎನ್ನುವ ಲೆಕ್ಕ. ಮೊದಲಲ್ಲಿ ಒಂದು ಕೋಶಕ್ಕೂ ಪಕ್ಕದ್ದಕ್ಕೂ ಇದ್ದ ಅತಿಸಣ್ಣ ವ್ಯತ್ಯಾಸ ಹೀಗೆ ಬೆಳೆದು ದೊಡ್ಡದಾಗುತ್ತದೆ. ಆ ಮೊದಲ ವ್ಯತ್ಯಾಸ ಎಲ್ಲಿಂದ ಎಂದರೆ, ಸ್ವಲ್ಪ ಆಕಸ್ಮಿಕ, ಸ್ವಲ್ಪ ಹುಟ್ಟು. ವಿಲ್ಕಾಕ್ಸ್, ಮಿಚಿಸನ್ ಮತ್ತು ಸ್ಮಿತ್ 1970ರ ದಶಕದಲ್ಲಿ ಅನಬೀನಾ ಕ್ಯಾಟೆನ್ಯುಲಾದಲ್ಲಿ ನೋಡಿದಂತೆ, ವಿಭಜನೆಯಲ್ಲಿ ಎರಡು ಮಕ್ಕಳು ಸಮನಾಗಿರುವುದಿಲ್ಲ, ಚಿಕ್ಕದಕ್ಕೆ ಹೆಟೆರೊಸಿಸ್ಟ್ ಆಗುವ ಸಾಧ್ಯತೆ ಹೆಚ್ಚು.

ಇಷ್ಟೇ ಆಗಿದ್ದರೆ ಎಲ್ಲ ಕೋಶಗಳೂ ಒಂದಲ್ಲ ಒಂದು ಹೊತ್ತಿಗೆ ಹೆಟೆರೊಸಿಸ್ಟ್ ಆಗಿ ಎಳೆ ಉಪವಾಸ ಸಾಯಬೇಕಿತ್ತು. ತಡೆಯುವುದು ಪ್ಯಾಟ್‌ಎಸ್. ಯೂನ್ ಮತ್ತು ಗೋಲ್ಡನ್ 1998ರಲ್ಲಿ ತೋರಿಸಿದ ಈ ಪೆಪ್ಟೈಡ್ ಬಹಳ ಚಿಕ್ಕದು, ಹೆಚ್ಚೆಂದರೆ 17 ಅಮೈನೋ ಆಮ್ಲ. ಕೆಲಸ ಮಾಡುವುದು ಅದರ ಬಾಲದ ತುಂಡು: ಆರ್ಜಿನಿನ್, ಗ್ಲೈಸಿನ್, ಸೆರಿನ್, ಗ್ಲೈಸಿನ್, ಆರ್ಜಿನಿನ್. ಈ ಐದನ್ನೇ ಕೃತಕವಾಗಿ ಮಾಡಿ ಮಾಧ್ಯಮಕ್ಕೆ ಹಾಕಿದರೂ ಹೆಟೆರೊಸಿಸ್ಟ್ ನಿಲ್ಲುತ್ತದೆ. ಹೆಟ್‌ಆರ್ ಜೋರಾಗಿರುವ ಕೋಶವೇ ಪ್ಯಾಟ್‌ಎಸ್ ಮಾಡುತ್ತದೆ. ಆದರೆ ಅದು ಮಾಡಿದವನಿಗಿಂತ ಪಕ್ಕದವರಿಗೆ ಹೆಚ್ಚು ತಟ್ಟುತ್ತದೆ. ಕೋಶಕೋಶಗಳ ನಡುವಿನ ಗೋಡೆಯಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲದ ರಂಧ್ರಗಳಿವೆ, ಅವುಗಳ ಮೂಲಕ ಹಾದುಹೋಗುವ ಕೊಳವೆಯಂಥ ಸಂಪರ್ಕಗಳಿವೆ. ತಡೆಯ ಸಂದೇಶ ಎರಡೂ ದಿಕ್ಕಿಗೆ ಕೋಶದಿಂದ ಕೋಶಕ್ಕೆ ಹರಿದು, ಅಲ್ಲಿನ ಹೆಟ್‌ಆರ್ ಡಿಎನ್‌ಎ ಹಿಡಿಯದಂತೆ ಮಾಡುತ್ತದೆ. ದೂರ ಹೋದಷ್ಟೂ ಸಂದೇಶ ತೆಳುವಾಗುತ್ತದೆ. ಸುಮಾರು ಹತ್ತು ಕೋಶ ದಾಟಿದ ಮೇಲೆ ತಡೆಯುವಷ್ಟು ಉಳಿದಿರುವುದಿಲ್ಲ, ಅಲ್ಲಿ ಇನ್ನೊಂದು ಕೋಶ ತಲೆ ಎತ್ತುತ್ತದೆ. ಕರಿಮಣಿ ಸರದಲ್ಲಿ ನಡುನಡುವೆ ಚಿನ್ನದ ಗುಂಡು ಪೋಣಿಸಿದ ಹಾಗೆ ಕಾಣುವ ವಿನ್ಯಾಸ ಬರುವುದು ಹೀಗೆ. ಹತ್ತು ಎಣಿಸುವ ಯಂತ್ರ ಯಾವುದೂ ಒಳಗಿಲ್ಲ.

ಪ್ಯಾಟ್‌ಎಸ್ ಜೀನ್ ತೆಗೆದ ತಳಿಯನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಎರಡು, ಮೂರು, ನಾಲ್ಕು ಹೆಟೆರೊಸಿಸ್ಟ್‌ಗಳು ಒತ್ತೊತ್ತಾಗಿ ಕೂತಿರುತ್ತವೆ, ನಡುವಿನ ಅಂತರ ಕುಗ್ಗಿರುತ್ತದೆ. ಹೆಟ್‌ಎನ್ ಎಂಬ ಇನ್ನೊಂದು ಪ್ರೋಟೀನಿನಲ್ಲೂ ಅದೇ ಐದು ಅಕ್ಷರದ ಸಾಲಿದೆ. ಅದರ ಕೆಲಸ ವಿನ್ಯಾಸವನ್ನು ಹಾಕುವುದಲ್ಲ, ಕಾಯುವುದು. ಹೆಟ್‌ಎನ್ ಇಲ್ಲದ ತಳಿ 24 ಗಂಟೆಗೆ ಸರಿಯಾಗಿಯೇ ಕಾಣುತ್ತದೆ, 48 ಗಂಟೆಗೆ ಗುಂಪುಗುಂಪಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಒಂದೇ ಹೊತ್ತಿಗೆ ನೋಡಿ ವರದಿ ಬರೆದರೆ ದಾರಿ ತಪ್ಪುವುದು ಖಂಡಿತ. ನಿಮ್ಮ ಪ್ರಾಜೆಕ್ಟಿನಲ್ಲಿ 24 ಮತ್ತು 48 ಎರಡನ್ನೂ ಕಡ್ಡಾಯ ಮಾಡಿಕೊಳ್ಳಿ, ಸಾಧ್ಯವಾದರೆ 12 ಮತ್ತು 18 ಕೂಡ. ಮೂರನೇ ದಿನಕ್ಕೆ ನೇರವಾಗಿ ಹಾರಿದ್ದರಿಂದ ನಿಮಗೆ ಇನ್ನೊಂದು ನಷ್ಟ ಆಗಿದೆ: ಅವು 36ನೇ ಗಂಟೆಗೇ ಬಂದಿದ್ದವೋ ಏನೋ, ಈಗ ಹೇಳುವ ಹಾಗಿಲ್ಲ.

8ರಿಂದ 12 ಗಂಟೆಯ ಹೊತ್ತಿಗೆ ಅಕ್ಕಪಕ್ಕದ ಪೈಪೋಟಿ ಮುಗಿದು ಒಂದು ಕೋಶ ಗೆದ್ದಿರುತ್ತದೆ. ಅದನ್ನು ಪ್ರೊಹೆಟೆರೊಸಿಸ್ಟ್ ಎನ್ನುತ್ತಾರೆ. ಈ ಹಂತದಲ್ಲಿ ಇಡೀ ಕಲ್ಚರು ಸ್ವಲ್ಪ ಹಳದಿಗೆ ತಿರುಗಿದರೆ ಗಾಬರಿಯಾಗಬೇಡಿ. ಹಸಿದ ಕೋಶಗಳು ತಮ್ಮ ಫೈಕೋಸಯನಿನ್ ಎಂಬ ನೀಲಿ ಬಣ್ಣದ ಪ್ರೋಟೀನನ್ನು ಕರಗಿಸಿ ಅದರ ಸಾರಜನಕ ತಿನ್ನುತ್ತಿವೆ, ಅಷ್ಟೆ. ಬೆಳೆಯಿಲ್ಲದ ತಿಂಗಳಲ್ಲಿ ಕಣಜ ತೆಗೆದ ಹಾಗೆ. ನೀಲಿಹಸಿರು ಬಣ್ಣ ಮತ್ತೆ ಮರಳಿದರೆ ಹೊಸ ಹೆಟೆರೊಸಿಸ್ಟ್‌ಗಳು ದುಡಿಯತೊಡಗಿವೆ ಎಂದರ್ಥ. ಎರಡನೇ ದಿನವೂ ಹಳದಿಯೇ ಇದ್ದರೆ ಎಲ್ಲೋ ತಪ್ಪಿದೆ.

ಸುಮಾರು 9ರಿಂದ 14 ಗಂಟೆಯ ನಡುವೆ ಹಿಂತಿರುಗಲಾಗದ ಗೆರೆ ಇದೆ. ಅದಕ್ಕಿಂತ ಮೊದಲು ಅಮೋನಿಯಂ ಕೊಟ್ಟರೆ ಪ್ರೊಹೆಟೆರೊಸಿಸ್ಟ್ ಮನಸ್ಸು ಬದಲಿಸಿ ಸಾಮಾನ್ಯ ಕೋಶವಾಗಿ ಮತ್ತೆ ವಿಭಜನೆಗೆ ತೊಡಗುತ್ತದೆ. ಆ ಗೆರೆ ದಾಟಿದ ಮೇಲೆ ಏನು ಕೊಟ್ಟರೂ ಮುಂದಕ್ಕೇ ಹೋಗುತ್ತದೆ, ಇನ್ನು ಎಂದೂ ವಿಭಜನೆಯಾಗುವುದಿಲ್ಲ. ನಿಮ್ಮಲ್ಲಿ ಸಮಯವಿದ್ದರೆ ಇದೊಂದು ಚೆಂದದ ಪ್ರಯೋಗ: ಒಂದೇ ಕಲ್ಚರನ್ನು ಆರು ಫ್ಲಾಸ್ಕಿಗೆ ಹಂಚಿ, 0, 6, 9, 12, 15, 18ನೇ ಗಂಟೆಗೆ ಒಂದೊಂದಕ್ಕೆ 2.5 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿ, 30ನೇ ಗಂಟೆಗೆ ಎಲ್ಲವನ್ನೂ ಎಣಿಸಿ. ಬಫರ್ ಹಾಕುವುದನ್ನು ಮರೆಯಬೇಡಿ. ಟಿಇಎಸ್ 5 ಮಿಲಿಮೋಲಾರ್, ಪಿಎಚ್ 8 ಸಾಕು. ಅಮೋನಿಯಂ ಹೀರಿಕೊಂಡಾಗ ಮಾಧ್ಯಮ ಹುಳಿಯಾಗುತ್ತದೆ. ಪಿಎಚ್ ತೀರಾ ಏರಿದರೆ ಅಮೋನಿಯಂ ಅಮೋನಿಯಾ ಆಗಿ ಕೋಶಗಳಿಗೇ ವಿಷವಾಗುತ್ತದೆ. ಎರಡೂ ಕಡೆ ಬೀಳಬಾರದು.

ಗೆರೆ ದಾಟಿದ ಕೋಶ ಈಗ ಮನೆ ಕಟ್ಟಲು ಶುರು ಮಾಡುತ್ತದೆ. ಮೊದಲು ಹೊರಗೆ ಪಾಲಿಸ್ಯಾಕರೈಡ್ ಪದರ, ಆಮೇಲೆ ಅದರ ಒಳಬದಿಗೆ ಗ್ಲೈಕೋಲಿಪಿಡ್ ಪದರ. ಇಲ್ಲಿ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬರೆಯುವ ಒಂದು ವಾಕ್ಯವನ್ನು ತಿದ್ದಬೇಕು: ದಪ್ಪ ಗೋಡೆ ಆಮ್ಲಜನಕವನ್ನು ಹೊರಗಿಟ್ಟು ಸಾರಜನಕವನ್ನು ಒಳಬಿಡುತ್ತದೆ ಎಂದು. ಹಾಗೆ ಸೋಸುವ ಗೋಡೆ ಇಲ್ಲ. ಎರಡು ಅನಿಲಗಳ ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಒಂದನ್ನು ತಡೆದರೆ ಇನ್ನೊಂದೂ ತಡೆಯಲ್ಪಡುತ್ತದೆ. ಗೋಡೆ ಮಾಡುವುದು ಎರಡರ ಪ್ರವೇಶವನ್ನೂ ನಿಧಾನ ಮಾಡುವುದು. ಗಾಳಿಯಲ್ಲಿ ಸಾರಜನಕ ಶೇ 78 ಇರುವುದರಿಂದ ನಿಧಾನವಾಗಿ ಬಂದರೂ ಕೆಲಸಕ್ಕೆ ಸಾಕಾಗುತ್ತದೆ. ನಿಧಾನವಾಗಿ ಬರುವ ಆಮ್ಲಜನಕವನ್ನು ಒಳಗಿನ ಉಸಿರಾಟದ ಕಿಣ್ವಗಳು ಬಂದಬಂದ ಹಾಗೆ ನೀರು ಮಾಡಿಬಿಡುತ್ತವೆ. ಅದಕ್ಕಾಗಿಯೇ ಹೆಟೆರೊಸಿಸ್ಟಿನಲ್ಲಿ ಪ್ರತ್ಯೇಕ ಆಕ್ಸಿಡೇಸ್‌ಗಳಿವೆ, ಫ್ಲೇವೋಡೈಐರನ್ ಎಂಬ ಪ್ರೋಟೀನೂ ಇದೆ. ಗೋಡೆ ಮತ್ತು ಉಸಿರಾಟ ಜೊತೆಯಾಗಿಯೇ ಕೆಲಸ ಮಾಡಬೇಕು. ಗ್ಲೈಕೋಲಿಪಿಡ್ ಪದರ ಕಟ್ಟಲಾಗದ ತಳಿಗಳಲ್ಲಿ ಹೆಟೆರೊಸಿಸ್ಟ್ ನೋಡಲು ಬಂದಿರುತ್ತದೆ, ಆದರೆ ಗಾಳಿಯಿದ್ದರೆ ಸಾರಜನಕ ಹಿಡಿಯಲಾರದೆ ಎಳೆ ಹಳದಿಯಾಗಿ ಸಾಯುತ್ತದೆ.

ಒಳಗೂ ಬದಲಾವಣೆ. ನೀರನ್ನು ಒಡೆಯುವ ಫೋಟೋಸಿಸ್ಟಂ 2 ಬಂದ್ ಆಗುತ್ತದೆ, ಹಾಗಾಗಿ ಒಳಗೇ ಆಮ್ಲಜನಕ ಹುಟ್ಟುವುದಿಲ್ಲ. ಫೋಟೋಸಿಸ್ಟಂ 1 ಉಳಿದು ಬೆಳಕಿನಿಂದ ಎಟಿಪಿ ಎಂಬ ಶಕ್ತಿಯ ಅಣು ಮಾಡುತ್ತದೆ. ಇಂಗಾಲ ಹಿಡಿಯುವ ಕೆಲಸವೂ ನಿಂತಿರುವುದರಿಂದ ಊಟ ಪಕ್ಕದ ಮನೆಯಿಂದ ಬರಬೇಕು. ಮುಖ್ಯವಾಗಿ ಸುಕ್ರೋಸ್ ರೂಪದಲ್ಲಿ ಬರುತ್ತದೆ, ಇನ್ವರ್ಟೇಸ್ ಅದನ್ನು ಒಡೆಯುತ್ತದೆ, ಅದರಿಂದ ಸಿಗುವ ಎಲೆಕ್ಟ್ರಾನುಗಳು ಫೆರೆಡಾಕ್ಸಿನ್ ಎಂಬ ವಾಹಕ ಪ್ರೋಟೀನಿನ ಮೂಲಕ ನೈಟ್ರೋಜನೇಸಿಗೆ ಹೋಗುತ್ತವೆ. ಒಂದು ಸಾರಜನಕ ಅಣುವಿಗೆ 8 ಎಲೆಕ್ಟ್ರಾನು, 16 ಎಟಿಪಿ ಖರ್ಚು. ಸಿಗುವುದು ಎರಡು ಅಮೋನಿಯಾ, ಜೊತೆಗೆ ಒಂದು ಹೈಡ್ರೋಜನ್. ಆ ಹೈಡ್ರೋಜನ್ನನ್ನೂ ಹೈಡ್ರೋಜಿನೇಸ್ ಹಿಡಿದು ಮತ್ತೆ ಉಪಯೋಗಿಸುತ್ತದೆ, ಅಷ್ಟು ದುಬಾರಿ ವ್ಯವಹಾರ. ಅಮೋನಿಯಾ ಗ್ಲುಟಮಿನ್ ಆಗಿ ಹೊರಹೋಗುತ್ತದೆ. ವುಲ್ಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ಜಾಡು ಹಿಡಿದದ್ದು ವಿಕಿರಣಶೀಲ ಸಾರಜನಕ-13 ಬಳಸಿ. ಅದರ ಅರ್ಧಾಯು ಸುಮಾರು 10 ನಿಮಿಷ, ತಯಾರಿಸಿದ ಕೂಡಲೇ ಪ್ರಯೋಗ ಮುಗಿಸಬೇಕು. ಸ್ವಲ್ಪ ಸಾರಜನಕ ಸಯನೋಫೈಸಿನ್ ಎಂಬ ಆರ್ಜಿನಿನ್-ಆಸ್ಪಾರ್ಟೇಟ್ ಪಾಲಿಮರ್ ಆಗಿ ಕೋಶದ ಎರಡು ಕಂಠಗಳಲ್ಲಿ ಗಡ್ಡೆಕಟ್ಟುತ್ತದೆ. ಮೈಕ್ರೋಸ್ಕೋಪಿನಲ್ಲಿ ಎರಡು ತುದಿಯಲ್ಲಿ ಮಿನುಗುವ ಚುಕ್ಕೆಗಳಾಗಿ ಕಾಣುವುದು ಅದೇ. ಎಳೆಯ ಕೊನೆಯ ಹೆಟೆರೊಸಿಸ್ಟಿಗೆ ಚುಕ್ಕೆ ಒಂದೇ, ಏಕೆಂದರೆ ಪಕ್ಕದ ಮನೆ ಒಂದೇ.

ಪಿಸಿಸಿ 7120ರಲ್ಲಿ ಕಾಣುವ ಒಂದು ವಿಚಿತ್ರ ಇಲ್ಲಿ ಹೇಳದೆ ಹೋಗಲಾರೆ. ಇದರ ಸಾಮಾನ್ಯ ಕೋಶಗಳಲ್ಲಿ ನೈಟ್ರೋಜನೇಸಿನ ನಿಫ್‌ಡಿ ಜೀನಿನ ನಟ್ಟನಡುವೆ 11 ಸಾವಿರ ಅಕ್ಷರ ಉದ್ದದ ಬೇರೊಂದು ಡಿಎನ್‌ಎ ತುಂಡು ಸಿಕ್ಕಿಕೊಂಡಿರುತ್ತದೆ, ಜೀನ್ ನಿರುಪಯೋಗಿ. ಹೆಟೆರೊಸಿಸ್ಟ್ ಬಲಿಯುವಾಗ ಎಕ್ಸ್‌ಐಎಸ್‌ಎ ಎಂಬ ಕಿಣ್ವ ಆ ತುಂಡನ್ನು ಕತ್ತರಿಸಿ ತೆಗೆದು ಜೀನನ್ನು ಜೋಡಿಸುತ್ತದೆ. ಗೋಲ್ಡನ್, ರಾಬಿನ್ಸನ್, ಹ್ಯಾಸೆಲ್‌ಕಾರ್ನ್ ಇದನ್ನು ವಿವರಿಸಿದ್ದು 1985ರಲ್ಲಿ. 59 ಸಾವಿರದ ಇನ್ನೊಂದು ತುಂಡು ಫೆರೆಡಾಕ್ಸಿನ್ ಜೀನಿನಲ್ಲಿ, ಮೂರನೆಯದು ಹೈಡ್ರೋಜಿನೇಸ್ ಜೀನಿನಲ್ಲಿ. ಹೆಟೆರೊಸಿಸ್ಟಿಗೆ ಮಕ್ಕಳಿಲ್ಲ, ಹಾಗಾಗಿ ಕತ್ತರಿಸಿದ್ದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಎಷ್ಟೋ ಬೇರೆ ತಳಿಗಳಲ್ಲಿ ಈ ತುಂಡುಗಳು ಇಲ್ಲವೇ ಇಲ್ಲ, ಆದರೂ ಅವು ಹೆಟೆರೊಸಿಸ್ಟ್ ಮಾಡುತ್ತವೆ. ಆದ್ದರಿಂದ ಕತ್ತರಿಸುವಿಕೆಯೇ ಹೆಟೆರೊಸಿಸ್ಟ್ ಮಾಡುತ್ತದೆ ಎಂದು ವೈವಾದಲ್ಲಿ ಹೇಳಬೇಡಿ.

ಈಗ ನಿಮ್ಮ ಫ್ಲಾಸ್ಕಿಗೆ ಬರೋಣ. ಬಿಜಿ-11ರಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇದೆ, ಅಂದರೆ 17.6 ಮಿಲಿಮೋಲಾರ್. ಅನಬೀನಾದ ಪೆಲೆಟ್ (ಟ್ಯೂಬಿನ ತಳಕ್ಕೆ ಕೂತ ಕೋಶರಾಶಿ) ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಗಟ್ಟಿ ಕೂರುವುದಿಲ್ಲ, ಮೇಲಿನ ನೀರು ಬಗ್ಗಿಸುವಾಗ ಜಾರುತ್ತದೆ. ಅದಕ್ಕೆ ಹೆದರಿ ಐದು ಮಿಲಿ ನೀರು ಉಳಿಸಿಬಿಡುವುದು ಎಲ್ಲ ಲ್ಯಾಬ್‌ಗಳಲ್ಲೂ ನಡೆಯುತ್ತದೆ. 50ರಲ್ಲಿ 5 ಉಳಿದರೆ ಪ್ರತಿ ಸಲ ಹತ್ತು ಪಟ್ಟು ಮಾತ್ರ ತೆಳುವಾಗುತ್ತದೆ. ಒಮ್ಮೆ ತೊಳೆದು, ಮತ್ತೆ 50 ಮಿಲಿಗೆ ಬೆರೆಸಿದಾಗ 0.18 ಮಿಲಿಮೋಲಾರ್ ನೈಟ್ರೇಟ್ ಉಳಿಯುತ್ತದೆ. ಎಳೆಗಳು ಅದನ್ನು ಗಂಟೆಗಟ್ಟಲೆ ತಿನ್ನುತ್ತ ಕೂರುತ್ತವೆ, ಖಾಲಿಯಾದ ಮೇಲೆಯೇ ಅವುಗಳ ಗಡಿಯಾರ ಶುರು. ಮೂರು ಸಲ ತೊಳೆದಿದ್ದರೆ ಇದೇ ಐದು ಮಿಲಿ ಉಳಿಸಿಕೊಂಡರೂ 2 ಮೈಕ್ರೋಮೋಲಾರಿಗಿಂತ ಕಡಿಮೆಗೆ ಇಳಿಯುತ್ತಿತ್ತು. ಪೆಲೆಟ್ ಮೇಲೆ 1 ಮಿಲಿ ಮಾತ್ರ ಬಿಟ್ಟಿದ್ದರೆ ಒಂದೇ ತೊಳೆತದಲ್ಲಿ 7 ಮೈಕ್ರೋಮೋಲಾರ್. ನಿಯಮ ಸರಳ: ಮೂರು ಸಲ ತೊಳೆಯಿರಿ, ಮೇಲಿನ ನೀರನ್ನು ಬಗ್ಗಿಸಬೇಡಿ, ಪಿಪೆಟ್ಟಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ.

ಸೆಂಟ್ರಿಫ್ಯೂಜ್ 1500ರಿಂದ 2000 ಜಿ, 5 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಆರ್‌ಪಿಎಂ ಬರೆಯಬೇಡಿ, ರೋಟರ್ ಬದಲಾದರೆ ಆ ಅಂಕಿಗೆ ಅರ್ಥವಿಲ್ಲ. ಪೆಲೆಟ್ ಬಿಡಿಸಲು ವೋರ್ಟೆಕ್ಸ್ ಬೇಡವೇ ಬೇಡ. ಟ್ಯೂಬನ್ನು ಅಂಗೈಯಲ್ಲಿ ಉರುಳಿಸಿ, ಅಥವಾ ಬಾಯಿ ಅಗಲವಾದ ಪಿಪೆಟ್ ತುದಿಯಿಂದ ಎರಡು ಮೂರು ಸಲ ಮೆಲ್ಲಗೆ ಎಳೆದು ಬಿಡಿ. ತುದಿ ಅಗಲ ಮಾಡಲು ಒಂದು ಮಿಲಿ ತುದಿಯನ್ನು ಬ್ಲೇಡಿನಿಂದ ಕೊಂಚ ಕತ್ತರಿಸಿದರೆ ಆಯಿತು. ನೂರು ಕೋಶದ ಎಳೆ ವೋರ್ಟೆಕ್ಸಿನಲ್ಲಿ ಐದು, ಎಂಟು ಕೋಶದ ತುಂಡುಗಳಾಗುತ್ತದೆ. ಪ್ಯಾಟ್‌ಎಸ್ ಹರಡುವಷ್ಟು ದೂರಕ್ಕಿಂತ ತುಂಡೇ ಚಿಕ್ಕದಾದರೆ, ನಡುವೆ ಹೆಟೆರೊಸಿಸ್ಟ್ ಬರಲು ಜಾಗ ಎಲ್ಲಿ? ಒಂದು ತುದಿಯಲ್ಲಿ ಬಂದದ್ದು ಉಳಿದ ಕೋಶಗಳನ್ನೆಲ್ಲ ತಡೆದುಬಿಡುತ್ತದೆ. ತುದಿಯ ಕೋಶಕ್ಕೆ ತಡೆಯ ಸಂದೇಶ ಬರುವುದು ಒಂದೇ ಕಡೆಯಿಂದ, ಹಾಗಾಗಿ ಅದಕ್ಕೆ ಗೆಲ್ಲುವ ಅವಕಾಶವೂ ಹೆಚ್ಚು. ತುದಿಯಲ್ಲಿ ಮಾತ್ರ ಹೆಟೆರೊಸಿಸ್ಟ್ ಬರುವ ಒಂದು ರೂಪಾಂತರಿತ ತಳಿ ಇದೆ ನಿಜ, ಪ್ಯಾಟ್‌ಎ ಜೀನ್ ಕೆಟ್ಟದ್ದು. ಆದರೆ ಅದರಲ್ಲಿ ಉದ್ದನೆಯ ಎಳೆಗಳಲ್ಲೂ ನಡುಭಾಗ ಖಾಲಿ ಇರುತ್ತದೆ. ನಿಮ್ಮ ಸ್ಲೈಡಿನಲ್ಲಿ 50 ಕೋಶಕ್ಕಿಂತ ಉದ್ದದ ಎಳೆಗಳನ್ನು ಹುಡುಕಿ ನೋಡಿ. ಅವುಗಳ ನಡುವೆ ಹೆಟೆರೊಸಿಸ್ಟ್ ಇದ್ದರೆ ತಳಿ ಸರಿ, ಕೈಯ ತಪ್ಪು.

ಮಾಧ್ಯಮದಲ್ಲಿ ಕದ್ದುಕೂತ ಸಾರಜನಕದ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳುವವರೂ ಇದ್ದಾರೆ. ಸೂಕ್ಷ್ಮ ಪೋಷಕಾಂಶದ ದ್ರಾವಣದ ಕೋಬಾಲ್ಟ್ ನೈಟ್ರೇಟಿನಿಂದ ಬರುವುದು ಲೀಟರಿಗೆ ಸುಮಾರು 0.3 ಮೈಕ್ರೋಮೋಲ್ ನೈಟ್ರೇಟ್, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಗತ್ಯವಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಲೀಟರಿಗೆ 6 ಮಿಗ್ರಾಂ, ಅದರ ಅಮೋನಿಯಂ ಕೋಬಾಲ್ಟಿನ ಪಾಲಿಗಿಂತ ಬಹಳ ಹೆಚ್ಚು. ಹಾಗಿದ್ದೂ ಅನೇಕರು ಹಾಗೇ ಬಳಸುತ್ತಾರೆ, ನಿಷ್ಠುರವಾಗಿರಬೇಕೆಂದಿದ್ದರೆ ಫೆರಿಕ್ ಸಿಟ್ರೇಟ್ ಹಾಕಿ. ನಿಜವಾದ ಅಪಾಯ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಗ್ರಾಂ ನೈಟ್ರೇಟ್. ಅಷ್ಟಿರುವ ಬೋರ್‌ವೆಲ್ ನೀರು ಕುಡಿಯಲು ಪಾಸು, ಆದರೆ ಅದರಲ್ಲಿ 0.7 ಮಿಲಿಮೋಲಾರ್ ನೈಟ್ರೇಟ್ ಇದ್ದ ಹಾಗಾಯಿತು. ಡಿಸ್ಟಿಲ್ಡ್ ವಾಟರ್ ಘಟಕ ಕೆಟ್ಟಿದೆ ಎಂದು ಕ್ಯಾನ್ ನೀರು ಹಾಕಿದರೆ ಪ್ರಯೋಗ ಅಲ್ಲಿಗೆ ಮುಗಿಯಿತು. ಮಾಲಿಬ್ಡಿನಂ ಮರೆಯಬೇಡಿ. ಸೂಕ್ಷ್ಮ ಪೋಷಕಾಂಶದ ಸ್ಟಾಕಿನಲ್ಲಿ ಲೀಟರಿಗೆ 0.39 ಗ್ರಾಂ ಸೋಡಿಯಂ ಮಾಲಿಬ್ಡೇಟ್ ಇರಬೇಕು, ಆ ಸ್ಟಾಕ್ ಮಾಧ್ಯಮಕ್ಕೆ ಲೀಟರಿಗೆ 1 ಮಿಲಿ. ಅದಿಲ್ಲದಿದ್ದರೂ ಹೆಟೆರೊಸಿಸ್ಟ್ ಬರುತ್ತದೆ, ಸಾರಜನಕ ಮಾತ್ರ ಬರುವುದಿಲ್ಲ, ಮತ್ತು ನೀವು ಕಾರಣ ಹುಡುಕುತ್ತ ವಾರ ಕಳೆಯುತ್ತೀರಿ.

ಬೆಳಕು 2000ರಿಂದ 3500 ಲಕ್ಸ್ ಬಿಳಿ ಎಲ್‌ಇಡಿ, ಶೇಕರ್ 120 ಆರ್‌ಪಿಎಂ, ಕಲ್ಚರಿನ ಸಾಂದ್ರತೆ 750 ನ್ಯಾನೋಮೀಟರಿನಲ್ಲಿ 0.2ರ ಆಸುಪಾಸು. ದಟ್ಟವಾದ ಕಲ್ಚರಿನಲ್ಲಿ ಎಳೆಗಳು ಒಂದಕ್ಕೊಂದು ನೆರಳಾಗುತ್ತವೆ, ಒಂದೇ ಹೊತ್ತಿಗೆ ಬೆಳೆಯುವುದಿಲ್ಲ.

ಎಣಿಕೆಗೆ ಶೇ 0.5ರ ಆಲ್ಶಿಯನ್ ಬ್ಲೂ ನೀರಿನ ದ್ರಾವಣವನ್ನು ಸಮಸಮ ಬೆರೆಸಿ ಕೆಲವು ನಿಮಿಷ ಬಿಡಿ. ಪಾಲಿಸ್ಯಾಕರೈಡ್ ಪದರ ನೀಲಿಯಾಗುತ್ತದೆ, ಹಾಗಾಗಿ 12 ಗಂಟೆಯ ನಂತರದ, ಇನ್ನೂ ಬಲಿಯದ ಹಂತಗಳೂ ಸಿಗುತ್ತವೆ. ಬಣ್ಣ ಹಾಕದೆ ಎಣಿಸಿದರೆ ಸತ್ತು ಬಿಳಿಚಿದ ಕೋಶಗಳನ್ನೂ ಹೆಟೆರೊಸಿಸ್ಟ್ ಎಂದು ಸೇರಿಸಿಬಿಡುತ್ತೀರಿ. ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಸುಲಭ: ಸಾಮಾನ್ಯ ಕೋಶಗಳು ಕೆಂಪಗೆ ಉರಿಯುತ್ತವೆ, ಹೆಟೆರೊಸಿಸ್ಟ್ ಜಾಗ ಕಪ್ಪು, ಹಲ್ಲು ಬಿದ್ದ ಹಾಗೆ. ಶೇಕಡಾವಾರು ಮಾತ್ರ ಬರೆದು ನಿಲ್ಲಿಸಬೇಡಿ. ಎರಡು ಹೆಟೆರೊಸಿಸ್ಟ್‌ಗಳ ನಡುವಿನ ಕೋಶಗಳನ್ನು ಎಣಿಸಿ, ಕನಿಷ್ಠ 100 ಅಂತರಗಳು, ಅವುಗಳ ಹಂಚಿಕೆಯ ಗ್ರಾಫ್ ಹಾಕಿ. ತುದಿಯವನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ನಡು ಗೆರೆ ಮೂಡಿದ, ವಿಭಜನೆಯಾಗುತ್ತಿರುವ ಕೋಶವನ್ನು ಒಂದೆನ್ನುತ್ತೀರೋ ಎರಡೆನ್ನುತ್ತೀರೋ ಮೊದಲೇ ತೀರ್ಮಾನಿಸಿ, ಎಣಿಸುವ ಇಬ್ಬರೂ ಅದೇ ನಿಯಮ ಪಾಲಿಸಲಿ. ಸರಿಯಾಗಿ ನಡೆದ ಪ್ರಯೋಗದಲ್ಲಿ 24 ಗಂಟೆಗೆ ಅಂತರದ ಸರಾಸರಿ ಹತ್ತರ ಸುತ್ತಮುತ್ತ ಬರುತ್ತದೆ. ಆಮೇಲೆ ಸಾಮಾನ್ಯ ಕೋಶಗಳು ವಿಭಜನೆಯಾಗಿ ಅಂತರ ಇಪ್ಪತ್ತರತ್ತ ಹೋದಾಗ ನಡುವೆ ಹೊಸದೊಂದು ಹುಟ್ಟುತ್ತದೆ. ಇನ್ನೊಂದು ಎಚ್ಚರಿಕೆ: ವರ್ಷಗಟ್ಟಲೆ ನೈಟ್ರೇಟಿನಲ್ಲೇ ಸಾಕಿದ ತಳಿಯಲ್ಲಿ ಹೆಟೆರೊಸಿಸ್ಟ್ ಮಾಡಲಾಗದ ರೂಪಾಂತರಗಳು ಮೆಲ್ಲನೆ ತುಂಬಿಕೊಳ್ಳುತ್ತವೆ, ಅವುಗಳನ್ನು ತೆಗೆದುಹಾಕುವ ಒತ್ತಡವೇ ಅಲ್ಲಿಲ್ಲ. ಸ್ಟಾಕನ್ನು ಆಗಾಗ ನೈಟ್ರೇಟ್ ಇಲ್ಲದ ಅಗರ್ ಮೇಲೆ ದಾಟಿಸಿ.

ಗದ್ದೆಯ ಪ್ರಶ್ನೆಗೆ ಚಿಕ್ಕ ಉತ್ತರ: ಹೌದು, ಆದರೆ ಪೂರ್ತಿ ಅಲ್ಲ. ಭತ್ತದ ಗದ್ದೆಯ ಸಾರಜನಕದಲ್ಲಿ ನೀಲಿ-ಹಸಿರು ಪಾಚಿಯ ಪಾತ್ರವಿದೆ ಎಂದು ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಯೂರಿಯಾ ಎರಚಿದ ಕೆಲವು ದಿನಗಳಲ್ಲಿ ನಿಂತ ನೀರಿನಲ್ಲಿ ಅಮೋನಿಯಂ ಏರುತ್ತದೆ. ಇರುವ ಹೆಟೆರೊಸಿಸ್ಟ್‌ಗಳು ಕರಗುವುದಿಲ್ಲ, ಹೊಸವು ಹುಟ್ಟುವುದು ನಿಲ್ಲುತ್ತದೆ, ಎಳೆ ಬೆಳೆದಂತೆ ಅವುಗಳ ಪ್ರಮಾಣ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ ಆ ಪುಕ್ಕಟೆ ಸಾರಜನಕದಲ್ಲಿ ಹಸಿರು ಪಾಚಿ ಮುಂದೆ ಓಡಿ ಬೆಳಕು ಮುಚ್ಚುತ್ತದೆ. ಯೂರಿಯಾ ಗುಳಿಗೆಯನ್ನು ಕೆಸರಿನ ಆಳಕ್ಕೆ ಒತ್ತಿದರೆ ನಿಂತ ನೀರಿನಲ್ಲಿ ಅಮೋನಿಯಂ ಅಷ್ಟು ಏರುವುದಿಲ್ಲ, ಪಾಚಿಗೂ ಅಷ್ಟು ತೊಂದರೆ ಇಲ್ಲ. ನಾಟಿಯಾದ ವಾರಕ್ಕೆ ಹೆಕ್ಟೇರಿಗೆ 10 ಕಿಲೋ ಒಣ ಪಾಚಿ ಎರಚಿ ಎಂಬ ಶಿಫಾರಸು ಹಳೆಯದು. ಎರಚಿದ ಮರುದಿನವೇ ಮೇಲುಗೊಬ್ಬರ ಕೊಟ್ಟು, ಪಾಚಿ ಕೆಲಸ ಮಾಡಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ರಂಜಕ ಕಡಿಮೆಯಿದ್ದರೂ ಅಷ್ಟೇ ಗತಿ.

ಗದ್ದೆಯಿಂದ ತಂದ ಮಾದರಿಯಲ್ಲಿ ಹೆಟೆರೊಸಿಸ್ಟ್ ಹುಡುಕುವಾಗ ಅಕಿನೀಟ್‌ಗಳನ್ನು (ಕಷ್ಟಕಾಲ ಕಳೆಯುವ ಸುಪ್ತ ಕೋಶಗಳನ್ನು) ಬೇರೆ ಮಾಡಿಕೊಳ್ಳಿ: ಅವು ದೊಡ್ಡವು, ಒಳಗೆ ಒತ್ತಾಗಿ ಕಾಳುಕಾಳು, ತುದಿಯಲ್ಲಿ ಮಿನುಗುವ ಚುಕ್ಕೆ ಇರುವುದಿಲ್ಲ. ನಿಮ್ಮ 7120 ತಳಿ ಅಕಿನೀಟ್ ಮಾಡುವುದಿಲ್ಲ, ಕಂಡರೆ ಕಲ್ಚರು ಬೆರಕೆಯಾಗಿದೆ. ಆಸಿಲೇಟೋರಿಯಾ, ಸ್ಪಿರುಲಿನಾ ಎಳೆಗಳಲ್ಲಿ ಹೆಟೆರೊಸಿಸ್ಟ್ ಹುಡುಕಿ ಸಮಯ ಹಾಳುಮಾಡಬೇಡಿ, ಅವು ಮಾಡುವುದೇ ಇಲ್ಲ.

ಪ್ರಯೋಗ ಮತ್ತೆ ಮಾಡುವ ಮೊದಲು ಕಣ್ಣು ಪಳಗಬೇಕೆಂದರೆ, ಹಸುಗಳಿಗೆಂದು ತೊಟ್ಟಿಯಲ್ಲಿ ಅಜೋಲಾ ಬೆಳೆಸುವ ಯಾರಿಂದಲಾದರೂ ಒಂದು ಹಿಡಿ ತನ್ನಿ. ಒಂದು ಬಲಿತ ಎಲೆಯನ್ನು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಕವರ್‌ಸ್ಲಿಪ್‌ನಿಂದ ಹಿಂಡಿದರೆ, ಎಲೆಯ ಪೊಟರೆಯಲ್ಲಿ ಅತಿಥಿಯಾಗಿದ್ದ ನೀಲಿ-ಹಸಿರು ಪಾಚಿಯ ಎಳೆಗಳು ಹೊರಬರುತ್ತವೆ. ಅಲ್ಲಿ ಹತ್ತಕ್ಕೊಂದಲ್ಲ, ಬಲಿತ ಎಲೆಗಳಲ್ಲಿ ನೂರಕ್ಕೆ 20ರಿಂದ 30ರವರೆಗೂ ಹೆಟೆರೊಸಿಸ್ಟ್ ಸಿಗುತ್ತವೆ. ಅಜೋಲಾ ತನ್ನ ಅತಿಥಿ ಹಿಡಿದ ಅಮೋನಿಯಂ ಅನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಎಳೆಯ ಹಸಿವು ತೀರುವುದೇ ಇಲ್ಲ. ಕೊಂಬೆಯ ತುದಿಯ ಎಳೆಎಲೆಯಿಂದ ಒಂದು, ಬುಡದ ಬಲಿತ ಎಲೆಯಿಂದ ಒಂದು, ಎರಡು ಸ್ಲೈಡ್ ಮಾಡಿ ಅಕ್ಕಪಕ್ಕ ಇಟ್ಟು ಎಣಿಸಿ. ತುದಿಯದರಲ್ಲಿ ಹೆಟೆರೊಸಿಸ್ಟ್ ಹುಡುಕಬೇಕಾಗುತ್ತದೆ, ಬುಡದ್ದರಲ್ಲಿ ಮುಂದಿನ ನಾಲ್ಕೈದು ಕೋಶದಲ್ಲಿ ಒಂದು ಸಿಕ್ಕೇ ಸಿಗುತ್ತದೆ.